ಬ್ರಿಸ್ಟಲ್ ಗೋಡೆಗೆ ಗುಂಡುಸೂಜಿ ಚುಚ್ಚಿ ನೋಡಿದೆ

"ಗೊಂಬೆ ಜೋಡಿಸಿ ರಾಜದ್ರೋಹದ ಕೇಸು ತೀರ್ಮಾನ ಮಾಡೋಕಾಗುತ್ತಾ?" ಅಂತ ಯುದ್ಧದ ಪುಟ್ಟ ಮಾದರಿ ಕಟ್ಟುವ ನಮ್ಮ ಗೆಳೆಯರು ಕೇಳಿದ್ದರು. ಮೂರನೇ ಸಲಕ್ಕೆ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಕೇಸು ಇಂಗ್ಲೆಂಡಿನ ಒಳಯುದ್ಧದಲ್ಲಿ ದೊರೆಯ ಕಡೆ ಸೇನಾಪತಿಯಾಗಿದ್ದ ರಾಜಕುಮಾರ ರೂಪರ್ಟನದ್ದು. ನಾಲ್ಕು ತಿಂಗಳು ಬ್ರಿಸ್ಟಲ್ ಕಾಯುತ್ತೇನೆ ಎಂದು ಮಾತು ಕೊಟ್ಟವನು, 1645ರ ಸೆಪ್ಟೆಂಬರ್‌ನಲ್ಲಿ ಊರನ್ನು ಎದುರಾಳಿ ಸಂಸತ್ತಿನ ಸೇನಾಪತಿ ಫೇರ್‌ಫ್ಯಾಕ್ಸ್‌ಗೆ ಬಿಟ್ಟುಕೊಟ್ಟ. ಊರ ಗೋಡೆ ಕಾಯಲು ಜನ ಸಾಲದು ಎಂಬುದು ಅವನ ವಾದ. ಸೋದರಮಾವ ಚಾರ್ಲ್ಸ್ ದೊರೆಯೇ ಅವನ ಹುದ್ದೆ ಕಿತ್ತುಕೊಂಡು, ದೇಶ ಬಿಟ್ಟು ಹೋಗು ಎಂದ.

ಮೊದಲು 28 ಮಿ.ಮೀ. ಲೋಹದ ಸೈನಿಕರನ್ನು ಹೊರದೇಶದಿಂದ ತರಿಸಿದೆ. ಕಸ್ಟಮ್ಸ್ ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಬಂದಿದ್ದು ಅರವತ್ತು ಜನ. ಆರೂವರೆ ಕಿಲೋಮೀಟರ್ ಗೋಡೆಗೆ ಅದು ಎಲ್ಲಿ ಸಾಕು? ಆತುರದಲ್ಲಿ ಥರ್ಮಾಕೋಲ್ ಗುಡ್ಡಕ್ಕೆ ಸ್ಪ್ರೇ ಪೇಂಟ್ ಹೊಡೆದೆ, ಗುಡ್ಡವೇ ಕರಗಿತು.

ಎರಡನೇ ಸಲ ಅರ್ಧ ಹಾಳೆ ಪ್ಲೈವುಡ್, 1:2000 ಅಳತೆ, ಒಬ್ಬ ಸೈನಿಕನಿಗೆ ಒಂದು ಸಾಸಿವೆ. ಗೋಡೆ ಭರ್ತಿ ಕಂಡಿತು! ರೂಪರ್ಟ್ ಸುಳ್ಳುಗಾರ ಎಂದುಕೊಂಡೆ. ಒಂದು ವಾರ ನಿದ್ದೆ ಬರಲಿಲ್ಲ. ಆಮೇಲೆ ಹೊಳೆಯಿತು: ಆ ಅಳತೆಯಲ್ಲಿ ಒಂದೊಂದು ಸಾಸಿವೆಯೂ ಮೂರು ಮೀಟರ್ ಅಗಲದ ಮನುಷ್ಯ.

ಆಗ ಗುಂಡುಸೂಜಿ ಹಿಡಿದೆ. ಹತ್ತು ಜನರಿಗೆ ಒಂದು. ಖರ್ಚು ನೂರು ರೂಪಾಯಿಯೂ ಇಲ್ಲ. ದಾಳಿಯ ಹೊತ್ತಿಗೆ ನಿಲ್ಲಬಲ್ಲವರು 1,500 ಜನ ಎಂದು ರೂಪರ್ಟ್ ಹೇಳಿದ್ದ. ಅಂದರೆ 150 ಸೂಜಿ, ನಾಲ್ಕು ಮೀಟರಿಗೊಬ್ಬ. ವೈರಿಯಾದ ಕ್ರಾಮ್‌ವೆಲ್ ಕೊಟ್ಟ 2,500 ಕಾಲಾಳುಗಳ ಲೆಕ್ಕದಲ್ಲೂ ಜೋಡಿಸಿದೆ. ಪಾಳಿಯಲ್ಲಿ ಮೂರನೇ ಒಂದು ಭಾಗ ಮಲಗಿಸಿದರೆ ಮತ್ತೆ ಅದೇ ನಾಲ್ಕು ಮೀಟರ್! ಈ ಲೆಕ್ಕ ಮೊದಲು ಕಂಡವನು ನಮ್ಮ ಗುಂಪಿನಲ್ಲಿ ನಾನೇ. ಗೋಡೆಯ ಬದಲು ಇಟ್ಟ ದಾರ ತಿರುವಿನಲ್ಲೂ ಸಡಿಲವಾಗದಂತೆ ಕೂರಿಸಿದ ಉಪಾಯ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಹತ್ತಿಯಲ್ಲಿ ರೂಪರ್ಟನ 'ಬಾಯ್' ಎಂಬ ಬಿಳಿ ನಾಯಿಯನ್ನೂ ಮಾಡಿದೆ. ಅದು 1644ರಲ್ಲೇ ಮಾರ್ಸ್ಟನ್ ಮೂರ್ ಕಾಳಗದಲ್ಲಿ ಸತ್ತಿತ್ತು, ಹಾಗಾಗಿ ಬೇರೆ ಹಲಗೆಯ ಮೇಲಿದೆ. 1643ರ ಆಟವನ್ನೂ ಆಡಿಸಿ ನೋಡಿದೆ. ಆಗ ಇದೇ ಊರನ್ನು ಹೊರಗಿನಿಂದ ನುಗ್ಗಿ ಗೆದ್ದವನು ರೂಪರ್ಟನೇ. ಗೋಡೆ ಎಷ್ಟು ಸಡಿಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ, ಅಲ್ವಾ?

1645ರ ಅಕ್ಟೋಬರ್‌ನಲ್ಲಿ ನ್ಯೂವರ್ಕ್ ಊರಿನಲ್ಲಿ ನಡೆದ ಸೇನಾ ವಿಚಾರಣೆ ಅವನ ಧೈರ್ಯದಲ್ಲೂ ನಿಷ್ಠೆಯಲ್ಲೂ ಕೊರತೆಯಿಲ್ಲ ಎಂದಿತು. ಆದರೂ ನಮ್ಮಲ್ಲೊಬ್ಬರು ಒಪ್ಪಲಿಲ್ಲ. ಗೋಡೆಯ ಸಾಲಿನಲ್ಲಿದ್ದ ಪ್ರಯರ್ಸ್ ಹಿಲ್ ಕೋಟೆ ಉಳಿಸಬಹುದಿತ್ತು ಎಂದರು. "ಸೂಜಿ ನೀವೇ ಇಡಿ ಸಾರ್" ಎಂದೆ. ಇಪ್ಪತ್ತು ಕಿತ್ತು ಅಲ್ಲಿ ಚುಚ್ಚಿದರು. ಊರಬಾಗಿಲಾದ ಲಾಫರ್ಡ್ಸ್ ಗೇಟ್ ಹತ್ತಿರ ನನ್ನ ಅಂಗೈ ಅಗಲದ ಜಾಗ ಖಾಲಿಯಾಯಿತು. ಅವರು ಒಂದೊಂದಾಗಿ ಮತ್ತೆ ಅಲ್ಲೇ ಇಟ್ಟರು.