ನಾಟಿ ಕೋಳಿ ಮಾರಾಟ: ಮರಿ ತರುವ ಮೊದಲೇ ಶುರು ಮಾಡಿ

ಮನೆಮಂದಿಯೆಲ್ಲ ಸೇರಿ ನಾಟಿ ಕೋಳಿ ಸಾಕುವ ಕಡೆ ಮೇವು, ನೀರು, ಲಸಿಕೆಗೆ ಒಬ್ಬೊಬ್ಬರು ಇರುತ್ತಾರೆ. ಮಾರುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿರುವುದಿಲ್ಲ. ಕೋಳಿ ಬಲಿತ ಮೇಲೆ ವ್ಯಾಪಾರಿಗೆ ಫೋನ್ ಹೋಗುತ್ತದೆ. ಬಲಿತ ಕೋಳಿ ದಿನವೂ ಸುಮ್ನೆ ಮೇವು ತಿನ್ನುತ್ತಿದೆ ಅನ್ನುವುದು ಅವನಿಗೂ ಗೊತ್ತು. ಹಾಗಾಗಿ ಅವನು ಹೇಳಿದ್ದೇ ರೇಟು. ಇದನ್ನು ತಪ್ಪಿಸಬೇಕಾದರೆ ಲೆಕ್ಕವನ್ನು ಹಬ್ಬದಿಂದ ಹಿಂದಕ್ಕೆ ಹಾಕಬೇಕು.

ಮೊದಲು ಕ್ಯಾಲೆಂಡರ್ ತೆಗೆಯಿರಿ. ಬ್ರಾಯ್ಲರ್ 6 ವಾರದಲ್ಲಿ 2 ಕೆಜಿ ಆಗುತ್ತದೆ. ಅಪ್ಪಟ ನಾಟಿ ಒಂದೂವರೆ ಕೆಜಿ ಆಸುಪಾಸಿಗೆ ಬರಲು 5–6 ತಿಂಗಳು ಬೇಕು. ಹಳೇ ಮೈಸೂರು ಭಾಗದಲ್ಲಿ ಯುಗಾದಿ ಮಾರನೇ ದಿನದ ವರ್ಷತೊಡಕಿಗೆ ನಾಟಿ ಕೋಳಿ ಹುಡುಕಿಕೊಂಡು ಬರುತ್ತಾರೆ. ಆ ದಿನಕ್ಕೆ ಬೇಕಾದ ಹುಂಜ ದಸರಾ ಹೊತ್ತಿಗೇ ಮರಿಯಾಗಿ ನಿಮ್ಮ ಮನೆಯಲ್ಲಿರಬೇಕು. ಪಿತೃಪಕ್ಷದ ಎಡೆಗೆ ಬೇಕಾದದ್ದು ಯುಗಾದಿ ಹೊತ್ತಿಗೆ. ಊರ ಜಾತ್ರೆ, ಮಾರಿಹಬ್ಬದ ತಾರೀಖುಗಳನ್ನೂ ಗುರುತು ಹಾಕಿಕೊಳ್ಳಿ. ಹರಕೆ ಕೋಳಿ ಕೇಳುವವರು ಬಣ್ಣ ನೋಡುತ್ತಾರೆ, ಊನವಿಲ್ಲದ ಹುಂಜವೇ ಬೇಕೆನ್ನುತ್ತಾರೆ. ಅಂಥವನ್ನು ಬೇರೆ ಇಟ್ಟು ಸಾಕಿ. ಶ್ರಾವಣದಲ್ಲಿ ಎಷ್ಟೋ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ. ಇಡೀ ಗುಂಪು ಆ ತಿಂಗಳಲ್ಲಿ ಬಲಿತರೆ ಕಷ್ಟ ಅಲ್ವಾ?

ಎರಡನೇ ಕೆಲಸ, ನಿಮ್ಮ ಹತ್ತಿರ ಏನಿದೆಯೋ ಅದನ್ನೇ ಹೇಳುವುದು. ಇದರಲ್ಲಿ ರಾಜಿ ಬೇಡ. ಗಿರಿರಾಜ, ಸ್ವರ್ಣಧಾರ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಒಳ್ಳೆಯ ತಳಿಗಳು. ನಾಟಿಗಿಂತ ಬೇಗ ಬೆಳೆಯುತ್ತವೆ, ಮೊಟ್ಟೆಯೂ ಜಾಸ್ತಿ. ಅವನ್ನು ಅದೇ ಹೆಸರಿನಲ್ಲಿ, ಸ್ವಲ್ಪ ಕಡಿಮೆ ಬೆಲೆಗೆ ಮಾರಿ. ಅಪ್ಪಟ ನಾಟಿ ಅಂತ ಕೊಟ್ಟರೆ, ಸಾರು ಕುದಿಯುವಾಗಲೇ ತಿಳಿದವರಿಗೆ ಗೊತ್ತಾಗುತ್ತದೆ. ಕಡಕ್‌ನಾಥ್ ಸಾಕುವವರು ಅದರ ಮೊಟ್ಟೆಯೂ ಕಪ್ಪು ಎಂಬ ಸುಳ್ಳಿಗೆ ಸೇರಬೇಡಿ. ಮಾಂಸ ಕಪ್ಪು, ಮೊಟ್ಟೆ ತಿಳಿ ಕಂದು ಬಣ್ಣದ್ದು. ಶುಗರ್ ಇಳಿಯುತ್ತದೆ ಎಂದೆಲ್ಲ ಬೋರ್ಡಿನಲ್ಲಿ ಬರೆಯಲೇಬೇಡಿ.

ಈಗ ಬೆಲೆ. ಉದಾಹರಣೆಗೆ 100 ಮರಿ ತಂದಿರಿ, ಮರಿ, ಮೇವು, ಲಸಿಕೆ ಸೇರಿ 36,000 ರೂಪಾಯಿ ಖರ್ಚಾಯಿತು ಅಂದುಕೊಳ್ಳಿ. ಉಳಿದದ್ದು 90 ಆದರೆ ಒಂದರ ಖರ್ಚು 360 ಅಲ್ಲ, 400. ಮನೆಯವರ ದುಡಿಮೆ ಇನ್ನೂ ಇದರಲ್ಲಿ ಸೇರಿಲ್ಲ, ಅದಕ್ಕೂ ಕೂಲಿ ಹಾಕಿ. ಕೊಯ್ದು ಕೊಡುವುದಾದರೆ ಒಂದೂವರೆ ಕೆಜಿ ಕೋಳಿಯಲ್ಲಿ ಸುಮಾರು ಒಂದು ಕೆಜಿ ಮಾಂಸ ಸಿಗುತ್ತದೆ. ಜೀವಂತ ತೂಕಕ್ಕೆ ಕೆಜಿಗೆ 400 ರೂಪಾಯಿ ಹಿಡಿದರೆ ಮಾಂಸ 600 ರೂಪಾಯಿಗೆ ಹೋದಾಗಷ್ಟೇ ಸರಿಸಮ. ಕ್ಲೀನಿಂಗ್ ಕೂಲಿ ಅದರ ಮೇಲೆ.

ನಗರದ ಗ್ರಾಹಕರಿಗೆ ಈ ಕ್ಲೀನಿಂಗೇ ದೊಡ್ಡ ಉಪಕಾರ. ಬ್ರಾಯ್ಲರ್ ಅಂಗಡಿಯಲ್ಲಿ ಚರ್ಮ ಸುಲಿದೇ ಕೊಡುವುದು ಸಾಮಾನ್ಯ. ನಾಟಿಗೆ ಪುಕ್ಕ ಕಿತ್ತು, ಅರಿಶಿನ ಹಚ್ಚಿ, ಬೆಂಕಿಯಲ್ಲಿ ಸುಟ್ಟು, ಚರ್ಮದ ಸಮೇತ ತುಂಡು ಮಾಡಿದರೇ ರುಚಿ. ಫ್ಲ್ಯಾಟಿನಲ್ಲಿ ಇರುವವರು ಇದನ್ನು ಎಲ್ಲಿ ಮಾಡಿಯಾರು? ನೀವು ಮಾಡಿಕೊಡಿ, ಅದಕ್ಕೆ ಬೇರೆ ದುಡ್ಡು ಕೇಳಿ. ಹಲಾಲ್ ಬೇಕೇ ಎಂದು ಮೊದಲೇ ವಿಚಾರಿಸಿ, ಕೊಯ್ಯುವವರು ಯಾರು ಎಂಬುದನ್ನೂ ತಿಳಿಸಿ. ಮಾಂಸ ಮಾಡಿ ಮಾರುವವರು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) ನೋಂದಣಿ ಮಾಡಿಸಬೇಕು. ಪಂಚಾಯಿತಿಯಲ್ಲೂ ಅನುಮತಿ ವಿಚಾರಿಸಿ.

ಗ್ರಾಹಕರನ್ನು ಸೇರಿಸಲು ವಾಟ್ಸಾಪ್ ಬಿಸಿನೆಸ್ ಸಾಕು, ಅದು ಉಚಿತ. ಕ್ಯಾಟಲಾಗ್‌ನಲ್ಲಿ ತಳಿ, ವಯಸ್ಸು, ತೂಕ, ಬೆಲೆ ಹಾಕಿ. ಇಂಟರ್ನೆಟ್ಟಿನಿಂದ ಎತ್ತಿದ ಫೋಟೋ ಬೇಡ, ನಿಮ್ಮ ಹಿತ್ತಲಲ್ಲಿ ಕೆದಕುತ್ತಿರುವ ಕೋಳಿಯದ್ದೇ ಇರಲಿ. ಬ್ರಾಡ್‌ಕಾಸ್ಟ್ ಸಂದೇಶ ತಲುಪಬೇಕಾದರೆ ಅವರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿರಬೇಕು. ಕೋಳಿ ಕೊಡುವಾಗಲೇ ಎದುರಿಗೆ ನಿಂತು ಸೇವ್ ಮಾಡಿಸಿಕೊಳ್ಳಿ. ಗೂಗಲ್ ಮ್ಯಾಪ್‌ನಲ್ಲೂ ಜಾಗ ಗುರುತಿಸಿ. ವರ್ಷತೊಡಕಿಗೆ 3 ವಾರ ಮೊದಲು ಬುಕಿಂಗ್ ತೆರೆದು, ಮುಂಗಡ ಪಡೆದು, ಯಾವ ಹುಂಜ ಯಾರಿಗೆ ಎಂದು ಬರೆದಿಡಿ. ಬುಕಿಂಗ್ ಮುಗಿದ ಮೇಲೆ ಬಂದವರಿಗೆ ಇಲ್ಲ ಅನ್ನಿ. ಆ ದಿನ ಹೊರಗಿನಿಂದ ಕೋಳಿ ತಂದು ಕೊಡುವ ಆಸೆ ಬರುತ್ತದೆ, ಅದು ಬೇಡವೇ ಬೇಡ.

ಬಾಣಂತಿ ಇರುವ ಮನೆಯವರು ಹಬ್ಬ ಕಾಯುವುದಿಲ್ಲ. ಮೊಟ್ಟೆ, ಎಳೆ ಕೋಳಿ ಅವರಿಗೆ ವಾರವಾರವೂ ಬೇಕು. ಇಂಥ ಕೆಲವು ಮನೆಗಳು ಸಿಕ್ಕರೆ ಮೇವಿನ ಖರ್ಚಿಗೆ ಆಸರೆ. ಇನ್ನು ಶ್ರಾವಣದಲ್ಲಿ ವ್ಯಾಪಾರ ಇಳಿದಾಗ ಕಾವಿಗೆ ಕೂತ ಹೇಂಟೆಗಳಿಗೆ ಮೊಟ್ಟೆ ಇಡಿ. 21 ದಿನಕ್ಕೆ ಮರಿ ಆಗುತ್ತವೆ. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮೊದಲ ವಾರದಲ್ಲೇ ಹಾಕಿಸಿ. ಆ ಮರಿಗಳು ಜಾತ್ರೆಗಳ ಹೊತ್ತಿಗೆ ತೂಕಕ್ಕೆ ಬರುತ್ತವೆ.