ದೋಣಿ ಇಂಜಿನ್ ಎಳೆಯದಿದ್ದರೆ ನಾನು ಮೊದಲು ನೋಡುವುದು ರಬ್ಬರ್ ಬಲ್ಬ್

ಉಡುಪಿ ಜಿಲ್ಲೆಯ ಗಂಗೊಳ್ಳಿ, ಮರವಂತೆ ಕಡೆಯ ನಾಡದೋಣಿಗಳ ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹೊರಗೆ ಕಟ್ಟುವ ಇಂಜಿನ್, ರಿಪೇರಿ ನನ್ನ ಕೆಲಸ. ಮಳೆಗಾಲದಲ್ಲಿ ಬಿಡುವೇ ಇರುವುದಿಲ್ಲ. ಜೂನ್, ಜುಲೈಯಲ್ಲಿ ದೊಡ್ಡ ಬೋಟುಗಳಿಗೆ ನಿಷೇಧ ಇರುತ್ತದೆ. 10 ಎಚ್‌ಪಿವರೆಗಿನ ಇಂಜಿನ್ ಹಾಕಿದ ನಾಡದೋಣಿಗಳಿಗೆ ಇಲ್ಲ. ಹಾಗಾಗಿ ನನ್ನ ಕೈಗೆ ಬರುವುದು ಜಾಸ್ತಿ ಎರಡು ಸಿಲಿಂಡರಿನ 9.9 ಎಚ್‌ಪಿ ಸೀಮೆಎಣ್ಣೆ ಇಂಜಿನ್‌ಗಳೇ. ಇರುವ ಶಕ್ತಿಯೇ ಅಷ್ಟು. ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ಅದೂ ಕೈಕೊಟ್ಟರೆ ದೋಣಿ ತೆರೆಗೆ ಅಡ್ಡ ಬೀಳುತ್ತದೆ. ‘ಪಿಕಪ್ ಕಮ್ಮಿ ಆಗಿದೆ’ ಎಂದರೆ ನಾನು ಹಗುರವಾಗಿ ತಗೊಳ್ಳದಿರುವುದು ಅದಕ್ಕೇ.

ಬಂದವರು ಹೇಳುವುದು ಒಂದೇ ಮಾತು: “ಕಾರ್ಬೊರೇಟರ್ ಬಿಚ್ಚಿ ನೋಡಿ ಮಾರಾಯ್ರೆ.” ನಾನು ಬಿಚ್ಚುವುದಿಲ್ಲ. ಮೊದಲು ಕೇಳುತ್ತೇನೆ, ಫುಲ್ ಕೊಟ್ಟಾಗ ಇಂಜಿನ್ ಸದ್ದು ಏರುತ್ತದಾ? ಸದ್ದು ಏರಿಯೂ ದೋಣಿ ಓಡದಿದ್ದರೆ ತೊಂದರೆ ಪ್ರೊಪೆಲ್ಲರ್ ಕಡೆ. ಸದ್ದೇ ಏರದಿದ್ದರೆ ಎಣ್ಣೆ, ಪ್ಲಗ್ ಅಥವಾ ಇಂಜಿನ್ ಒಳಗೆ. ಇನ್ನೊಂದು ಮಾತು. ಡ್ರಮ್ಮಿನ ನೀರಲ್ಲಿ ಚೆನ್ನಾಗಿ ಓಡಿತು ಅಂದರೆ ಸರಿಯಾಯಿತು ಅಂತಲ್ಲ. ಅಲ್ಲಿ ಲೋಡ್ ಎಲ್ಲಿದೆ? ದೋಣಿಗೆ ಕಟ್ಟಿ, ಹೊಳೆಯಲ್ಲಿ ಓಡಿಸಿಯೇ ನೋಡಬೇಕು.

ಕಳೆದ ಮಳೆಗಾಲದಲ್ಲಿ ಬಂದ ಒಂದು ದೋಣಿಯ ಕತೆ ಹೇಳುತ್ತೇನೆ. ನಿಧಾನಕ್ಕೆ ಹೋದರೆ ಏನೂ ತೊಂದರೆ ಇಲ್ಲ. ಫುಲ್ ಕೊಟ್ಟು ಸ್ವಲ್ಪ ಹೊತ್ತಾದರೆ ಇಂಜಿನ್ ಸೋತು ಹೋಗುತ್ತಿತ್ತು. ಬೇರೆ ಕಡೆ ಕಾರ್ಬೊರೇಟರ್ ತೊಳೆಸಿ, ಪ್ಲಗ್ ಬದಲಿಸಿ ಆಗಿತ್ತು. ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಎಣ್ಣೆ ಪೈಪಿನ ನಡುವೆ, ಕೈಯಿಂದ ಒತ್ತಿ ಎಣ್ಣೆ ಏರಿಸಲು ಒಂದು ರಬ್ಬರ್ ಬಲ್ಬ್ ಇರುತ್ತದೆ. ನಾನು ದೋಣಿ ಹತ್ತಿ, ಅದನ್ನು ಕೈಯಲ್ಲಿ ಹಿಡಿದು ಕೂತೆ. ಇಂಜಿನ್ ಸೋಲುವ ಹೊತ್ತಿಗೆ ಬಲ್ಬ್ ತನ್ನಷ್ಟಕ್ಕೇ ಒಳಗೆ ಎಳೆದುಕೊಂಡು ಚಪ್ಪಟೆಯಾಯಿತು. ಅಂದರೆ ಪಂಪ್ ಎಳೆಯುತ್ತಿದೆ, ಟ್ಯಾಂಕಿನಿಂದ ಎಣ್ಣೆ ಬರುತ್ತಿಲ್ಲ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದೇ ಇತ್ತು. ಟ್ಯಾಂಕಿನೊಳಗಿನ ಜಾಲರಿಯೂ ಚೊಕ್ಕ ಇತ್ತು. ಟ್ಯಾಂಕಿಗೂ ಬಲ್ಬಿಗೂ ನಡುವಿನ ಪೈಪನ್ನು ಉದ್ದಕ್ಕೆ ಸೀಳಿದಾಗ ಕಂಡಿತು: ಒಳಪದರ ಎದ್ದು ನಾಲಗೆ ಥರ ನೇತಾಡುತ್ತಿತ್ತು. ಎಣ್ಣೆ ಜೋರಾಗಿ ಹರಿದಾಗ ಅದೇ ದಾರಿಗೆ ಅಡ್ಡ ಬರುತ್ತಿತ್ತು. ಹೊರಗಿನಿಂದ ಪೈಪ್ ಹೊಸದರಂತೆಯೇ ಇತ್ತು. ಪೈಪ್ ಬದಲಿಸಿದ ಮೇಲೆ ಅಳಿವೆವರೆಗೂ ಫುಲ್ಲಲ್ಲೇ ಹೋಗಿ ಬಂದೆವು.

ಬಲ್ಬ್ ಚಪ್ಪಟೆಯಾಗದೆ ಮೆತ್ತಗಾಗಿದ್ದು, ಕೈಯಿಂದ ಒತ್ತುತ್ತಿದ್ದಂತೆ ಇಂಜಿನ್ ಚೇತರಿಸಿದರೆ ಬೇರೆ ಕತೆ. ಎಲ್ಲೋ ಪೈಪಿನ ಜೋಡಣೆ ಗಾಳಿ ಎಳೆಯುತ್ತಿದೆ, ಇಲ್ಲವೇ ಪಂಪಿನೊಳಗಿನ ತೆಳು ಪೊರೆ, ಡಯಾಫ್ರಾಂ, ಹೋಗಿದೆ. ಒತ್ತಿದರೂ ಏನೂ ಬದಲಾಗದಿದ್ದರೆ ಆಗ ಪ್ಲಗ್ ಬಿಚ್ಚುತ್ತೇನೆ.

ಸೀಮೆಎಣ್ಣೆ ಇಂಜಿನ್ನಿನಲ್ಲಿ ಮಸಿ ಬೇಗ ಕಟ್ಟುತ್ತದೆ. ಎರಡೂ ಪ್ಲಗ್ ಕಂದು ಬಣ್ಣದಲ್ಲಿದ್ದರೆ ಸಮಾಧಾನ. ಒಂದು ಕಂದು, ಇನ್ನೊಂದು ಕಪ್ಪಗೆ ಒದ್ದೆ ಇದ್ದರೆ ಆ ಒದ್ದೆ ಪ್ಲಗ್ಗಿನ ಸಿಲಿಂಡರ್ ಕೆಲಸವನ್ನೇ ಮಾಡುತ್ತಿಲ್ಲ. ಹೆಚ್ಚಿನ ಮಸಿಗೆ ಕಾರಣ ಅವಸರ. ಈ ಇಂಜಿನ್ನನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಬಿಸಿಯಾಗುವ ಮೊದಲೇ ತಿರುಗಿಸುತ್ತಾರೆ. ತಣ್ಣಗಿದ್ದಾಗ ಸೀಮೆಎಣ್ಣೆ ಸರಿಯಾಗಿ ಆವಿಯಾಗುವುದಿಲ್ಲ, ಉರಿಯುವುದೂ ಇಲ್ಲ. ದಡಕ್ಕೆ ಬರುವಾಗ ಮತ್ತೆ ಪೆಟ್ರೋಲಿಗೆ ತಂದೇ ಇಂಜಿನ್ ನಿಲ್ಲಿಸಬೇಕು. ಇಲ್ಲದಿದ್ದರೆ ಕಾರ್ಬೊರೇಟರ್‌ನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ಸ್ಟಾರ್ಟ್ ಮಾಡಲು ಹಗ್ಗ ಎಳೆದು ಎಳೆದು ತೋಳು ಸೋಲುತ್ತದೆ.

ಸದ್ದು ಏರಿಯೂ ದೋಣಿ ಓಡದಿದ್ದರೆ ಎಂದೆನಲ್ಲ, ಅದಕ್ಕೆ ಸುಲಭದ ಪರೀಕ್ಷೆ ಇದೆ. ಪ್ರೊಪೆಲ್ಲರಿನ ನಡುವೆ ರಬ್ಬರ್ ಬುಷ್ ಇರುತ್ತದೆ. ಒಳಗಿನ ಲೋಹದ ತುಂಡಿನಿಂದ ಹೊರಗಿನ ಭಾಗದವರೆಗೆ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದು, ಫುಲ್ಲಲ್ಲಿ ಒಂದು ಸುತ್ತು ಹೋಗಿ ಬನ್ನಿ. ಗೆರೆ ಮುರಿದು ಆಚೀಚೆ ಸರಿದಿದ್ದರೆ ಬುಷ್ ಜಾರುತ್ತಿದೆ. ಗೆರೆ ನೆಟ್ಟಗಿದ್ದರೆ, ಎಲೆಗಳಿಗೆ ಬಲೆಯ ದಾರ ಸುತ್ತಿದೆಯಾ, ಇಂಜಿನ್ ತೀರಾ ಮೇಲೆ ಕೂತು ಪ್ರೊಪೆಲ್ಲರ್ ಗಾಳಿ ಎಳೆಯುತ್ತಿದೆಯಾ ನೋಡಿ.

ಇಷ್ಟೂ ಸರಿ ಇದ್ದು ಇಂಜಿನ್ ಬಿಸಿಯಾದಾಗ ಮಾತ್ರ ಸೋತರೆ, ಇಂಜಿನ್ ತಣಿಸಿ ಹಿಂದಿನ ತೂತಿನಿಂದ ಬೀಳುವ ನೀರು ನೋಡುತ್ತೇನೆ. ಸಪೂರವಾಗಿದ್ದರೆ ಮೊದಲು ಆ ತೂತಿಗೆ ತಂತಿ ಹಾಕಿ ಉಪ್ಪು ತೆಗೆಯುತ್ತೇನೆ. ಆಗಲೂ ಜೋರಾಗದಿದ್ದರೆ ವಾಟರ್ ಪಂಪಿನೊಳಗೆ ನೀರು ತಳ್ಳುವ ಚಕ್ರ, ಇಂಪೆಲ್ಲರ್, ಹೊಸದು ಬೇಕು. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಎರಡು ಸಿಲಿಂಡರ್‌ಗಳ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ಹೆಡ್ ಬಿಚ್ಚಲೇಬೇಕು. ಅದು ಆಗುವವರೆಗೆ ಆ ದೋಣಿ ಅಳಿವೆ ದಾಟಬಾರದು ಎಂದು ಮಾಲೀಕರಿಗೆ ಖಡಾಖಂಡಿತ ಹೇಳುತ್ತೇನೆ.