ಟೆಸ್ಟಿಂಗ್ ಹೆಚ್ಚಿಸಿದರೂ ನಿಲ್ಲದ ದೂರು, ಸರಿಹೋಗಿದ್ದು ಹೀಗೆ

ನಮ್ಮ ತಂಡ ತಿಂಗಳಿಗೊಮ್ಮೆ ಗ್ರಾಹಕರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಹೊಸ ಭಾಗ ಕೊಡಬೇಕಿತ್ತು. ಪ್ರತಿ ಸಲವೂ ಏನಾದರೊಂದು ತಪ್ಪು ಅಂತ ವಾಪಸ್ ಬರುತ್ತಿತ್ತು. ಮೊದಲು ಟೆಸ್ಟಿಂಗ್‌ಗೆ ಇನ್ನಿಬ್ಬರನ್ನು ಹಾಕಿಕೊಂಡೆ. ಖರ್ಚು ಜಾಸ್ತಿಯಾಯ್ತು, ದೂರು ಕಡಿಮೆಯಾಗಲಿಲ್ಲ.

ಆಮೇಲೆ ಒಂದು ದಿನ ಕೂತು ಮೂರು ತಿಂಗಳ ದೂರುಗಳನ್ನೆಲ್ಲ ಒಂದೇ ಶೀಟ್‌ಗೆ ಹಾಕಿ, ಕಾರಣದ ಪ್ರಕಾರ ವಿಂಗಡಿಸಿದೆ. ಗುಣಮಟ್ಟ ತಜ್ಞ ಜೋಸೆಫ್ ಜುರಾನ್ ಈ ಕ್ಷೇತ್ರಕ್ಕೆ ತಂದ ಪ್ಯಾರೆಟೊ ತತ್ವ ಇದೇ: ಕೆಲವೇ ಕಾರಣಗಳಿಂದ ಹೆಚ್ಚಿನ ತಪ್ಪುಗಳು. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ದೂರು ಬಂದಿದ್ದು ಕೋಡ್‌ನಿಂದಲ್ಲ, ಬೇಡಿಕೆಯನ್ನೇ ತಪ್ಪಾಗಿ ತಿಳಿದಿದ್ದರಿಂದ. "ಬಿಲ್ ದಿನಾಂಕ" ಅಂದರೆ ಗ್ರಾಹಕರಿಗೆ ಸರಕು ಹೊರಟ ದಿನ, ನಮ್ಮವರಿಗೆ ಬಿಲ್ ಪ್ರಿಂಟ್ ಆದ ದಿನ. ಟೆಸ್ಟ್ ಮಾಡುವವರೂ ಅದೇ ಅರ್ಥದಲ್ಲಿ ನೋಡಿ ಪಾಸ್ ಮಾಡುತ್ತಿದ್ದರು. ಹಾಗಿದ್ದ ಮೇಲೆ ಎಷ್ಟು ಜನ ನೋಡಿದರೂ ತಪ್ಪು ಸಿಗುವುದಿಲ್ಲ ಅಲ್ವಾ?

ಮುಗಿದ ಕೆಲಸದಲ್ಲಿ ತಪ್ಪು ಹುಡುಕುವುದು ಕ್ವಾಲಿಟಿ ಕಂಟ್ರೋಲ್. ಕೆಲಸದ ರೀತಿಯನ್ನೇ ಸರಿಪಡಿಸಿ ತಪ್ಪು ಹುಟ್ಟದಂತೆ ನೋಡಿಕೊಳ್ಳುವುದು ಕ್ವಾಲಿಟಿ ಅಶ್ಯೂರೆನ್ಸ್. ಎರಡನೆಯದನ್ನು ನಾವು ಮಾಡಿಯೇ ಇರಲಿಲ್ಲ.

ಈಗ ಕೆಲಸ ಶುರುವಾಗುವ ಮುಂಚೆ ಪ್ರತಿ ಬೇಡಿಕೆಗೂ "ಹೀಗಿದ್ದರೆ ಒಪ್ಪುತ್ತೇವೆ" ಅಂತ ಎರಡು ಸಾಲು ಬರೆಯುತ್ತೇವೆ, ಜೊತೆಗೆ ನಿಜವಾದ ಒಂದು ಬಿಲ್‌ನ ಲೆಕ್ಕ. ಗ್ರಾಹಕರು ಓದಿ ಒಪ್ಪಿದ ಮೇಲೇ ಕೋಡ್. ಒಂದಕ್ಕೆ ಅರ್ಧ ಗಂಟೆ ಬೇಕು. ಶುರುವಿನಲ್ಲಿ ತಂಡದವರು ಗೊಣಗಿದರು. ಡೆಡ್‌ಲೈನ್ ತಲೆ ಮೇಲಿರುವಾಗ ಅದು ಸಹಜವೇ. ಎರಡನೇ ತಿಂಗಳು ವಾಪಸ್ ಬಂದಿದ್ದು ಎರಡೇ, ಎರಡೂ ಅಕ್ಷರದ ತಪ್ಪು. ಟೆಸ್ಟಿಂಗ್‌ಗೆ ಹೆಚ್ಚುವರಿಯಾಗಿ ಹಾಕಿದ್ದ ಇಬ್ಬರು ಈಗ ಗ್ರಾಹಕರ ಜೊತೆ ಕೂತು ಆ ಎರಡು ಸಾಲು ಬರೆಯುತ್ತಾರೆ.